ಸೂರು ಉಳಿದರೆ ಊರು ಉಳಿದೀತು

(ಪರಶುರಾಂಪುರದ ರೈತರ ಸಭೆಯೊಂದರಲ್ಲಿ ಆಡಿದ ಮಾತು, ಓದುಗರಿಗಾಗಿ ಬರಹಕ್ಕೆ ಇಳಿಸಿದ್ದು)



ನಾವು ನಾಲ್ಕು ಜನ ಸೇರಿದರೆ ಮೊದಲ ಮಾತು ಬೆಲೆಯದು. ಶೇಂಗಾಕ್ಕೆ ಎಷ್ಟು ಕೂಗಿದ್ರು, ಈರುಳ್ಳಿಗೆ ಎಷ್ಟು ಬಂತು, ಮಂಡಿಯವ ಎಷ್ಟು ಸೂಟು ತೆಗೆದ, ಇದೇ ಮಾತು. ಬೆಲೆ ನಮ್ಮ ಹೊಟ್ಟೆಯ ಪ್ರಶ್ನೆ, ಆಡಲೇಬೇಕು. ಆದರೆ ಇವತ್ತು ಆ ಮಾತನ್ನು ಕೊನೆಗೆ ಇಟ್ಟುಕೊಂಡಿದೀನಿ. ಮೊದಲು ತಲೆ ಮೇಲಿನ ಸೂರಿನ ಮಾತು ಆಡೋಣ. ಅದೂ ನಮ್ಮ ಸೂರಿಗಿಂತ ಹೆಚ್ಚಾಗಿ ನಮ್ಮ ಹೊಲಕ್ಕೆ ಬಂದು ದುಡಿಯೋರ ಸೂರಿನ ಮಾತು.

ಶೇಂಗಾ ಕಿತ್ತು, ಬಿಡಿಸಿ, ಚೀಲ ಹೊಲಿದು ಲಾರಿಗೆ ಹೇರಿದ ಮೇಲೆ ನಿಮ್ಮೂರಿನ ಕಾಲೋನಿಗೆ, ಹಟ್ಟಿಗೆ, ತಾಂಡಾಕ್ಕೆ ಒಂದು ಸುತ್ತು ಹೋಗಿ ಬನ್ನಿ. ಎಷ್ಟು ಬಾಗಿಲಿಗೆ ಬೀಗ ಬಿದ್ದೈತೆ ಅಂತ ಎಣಿಸಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ಸೀಮೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು. ಒಂದೇ ಬೆಳೆ, ಅದೂ ಮಳೆ ಕೊಟ್ಟರೆ. ಹಾಗಾಗಿ ಜನ ಬೆಂಗಳೂರಿನ ಗಾರೆ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋಗೋದು ಹೊಸದೇನಲ್ಲ. ಆದರೆ ಬೀಗದಲ್ಲಿ ಎರಡು ಜಾತಿ. ಕೆಲಸಕ್ಕೆ ಹೋದವರ ಬೀಗ ಯುಗಾದಿಗೋ ಊರ ಮಾರಮ್ಮನ ಹಬ್ಬಕ್ಕೋ ತೆಗೆಯುತ್ತೆ. ಸಾಲಕ್ಕೆ ಹೆದರಿ ಹೋದವರ ಬೀಗ ತುಕ್ಕು ಹಿಡಿಯುತ್ತೆ. ಎರಡು ಮಳೆಗಾಲ ಯಾರೂ ಮಣ್ಣು ಮೆತ್ತದಿದ್ದರೆ ಮಾಳಿಗೆ ಸೋರುತ್ತೆ, ಮೂರನೇ ಮಳೆಗೆ ಜಂತೆ ಕೂರುತ್ತೆ. ಆಮೇಲೆ ಆ ಕುಟುಂಬ ಬರ್ತೀನಿ ಅಂದರೂ ಬರೋಕೆ ಜಾಗ ಇರಲ್ಲ.

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯಿಂದ ಬಂದ ಸುದ್ದಿ ನೀವೆಲ್ಲ ಓದಿದೀರಿ. ಕಿರುಸಾಲದ ಕಂತು ಕಟ್ಟಲಾರದೆ, ವಸೂಲಿಗೆ ಬರೋರ ಮಾತು ಕೇಳಲಾರದೆ, ಕುಟುಂಬಗಳು ಮಕ್ಕಳನ್ನೂ ಕಟ್ಟಿಕೊಂಡು ಊರು ಬಿಟ್ಟಿದ್ದವು. ಚಾಮರಾಜನಗರ ನಮಗೆ ದೂರ ಅಂದುಕೊಳ್ಳಬೇಡಿ. ಅದೇ ಸಾಲ ನಮ್ಮ ಹಟ್ಟಿಯ ಕಟ್ಟೆ ಮೇಲೂ ವಾರ ವಾರ ಕೂತು ಎಣಿಸಿಕೊಳ್ತೈತೆ.

ನಾವು ಹೊಡೆದಾಡಿ ಉಳಿಸಿಕೊಂಡ ಬಾಗಿಲು

ನಾನು ಹುಡುಗನಾಗಿದ್ದ ಕಾಲಕ್ಕೆ ಜಪ್ತಿ ಅನ್ನೋ ಮಾತು ಕೇಳಿದರೆ ಮನೆ ಹೆಂಗಸರು ಪಾತ್ರೆ ಬಚ್ಚಿಡ್ತಿದ್ದರು. ಸಾಲದ ಬಾಕಿಗೆ ಜೀಪು ಬಂದರೆ ಕೊಪ್ಪರಿಗೆ, ತೊಟ್ಟಿಲು, ಕೊನೆಗೆ ಬಾಗಿಲನ್ನೂ ಕಿತ್ತು ಒಯ್ಯೋರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ ಮೇಲೆ ನಾಡಿನ ರೈತ ಎದ್ದು ನಿಂತ. ಜಪ್ತಿಯಾದ ಸಾಮಾನನ್ನು ಹಳ್ಳಿ ಹಳ್ಳಿಯ ರೈತರು ಗುಂಪಾಗಿ ಹೋಗಿ ವಾಪಸು ತಂದರು. ಮರುಜಪ್ತಿ ಅನ್ನೋ ಮಾತು ಕನ್ನಡಕ್ಕೆ ಬಂದದ್ದೇ ಆಗ. ಊರ ಬಾಗಿಲಲ್ಲಿ ಬೋರ್ಡು ನಿಂತವು: ಅಪ್ಪಣೆಯಿಲ್ಲದೆ ವಸೂಲಿ ಅಧಿಕಾರಿಗಳು ಊರೊಳಗೆ ಕಾಲಿಡಬಾರದು ಅಂತ.

ಆ ಹೋರಾಟದಲ್ಲಿ ನಾವು ಹೊಸ ಹಕ್ಕೇನೂ ಕೇಳಿರಲಿಲ್ಲ. ಬ್ರಿಟಿಷರು 1908ರಲ್ಲಿ ಮಾಡಿದ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂನಲ್ಲೇ ಆ ಮಾತು ಐತೆ. ಕೈಸಾಲದ ಡಿಕ್ರಿಗೆ ರೈತ ತಾನು ವಾಸ ಮಾಡೋ ಮನೆ, ಅದರ ನಿವೇಶನ, ನೇಗಿಲು ನೊಗ, ಉಳುಮೆಗೆ ಬೇಕಾದ ದನ, ಬಿತ್ತನೆ ಬೀಜ, ಇವನ್ನು ಜಪ್ತಿ ಮಾಡುವಂತಿಲ್ಲ. ಈ ರಕ್ಷೆ ಪಹಣಿ ಇದ್ದವನಿಗೆ ಮಾತ್ರ ಅಲ್ಲ. ಕೂಲಿಯವನ ಮನೆಗೂ ಐತೆ. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ. "ಈ ರಕ್ಷೆ ನನಗೆ ಬೇಡ" ಅಂತ ನೀವೇ ಬರೆದುಕೊಟ್ಟರೂ ಆ ಬರಹಕ್ಕೆ ಬೆಲೆ ಇಲ್ಲ, ಅದು ಶೂನ್ಯ ಅಂತ ಅದೇ ಕಲಂ ಹೇಳುತ್ತೆ.

ಆದರೆ ಈ ಗೋಡೆಗೆ ಒಂದು ಕಿಂಡಿ ಐತೆ. ಮನೆಯನ್ನೇ ಅಡವು ಹಾಕಿ ಸಾಲ ತಂದಿದ್ದರೆ ಆ ಅಡವಿನ ಸಾಲಕ್ಕೆ ಈ ರಕ್ಷೆ ಒದಗಲ್ಲ. 2002ರ ಸರ್ಫೇಸಿ ಕಾಯಿದೆ ಪ್ರಕಾರ ಬ್ಯಾಂಕು ಕೋರ್ಟಿಗೆ ಹೋಗದೆಯೇ ಅಡವಿನ ಮನೆ ವಶಕ್ಕೆ ತಗೊಂಡು ಹರಾಜು ಹಾಕಬಹುದು. ಕೃಷಿ ಜಮೀನಿಗೆ ಆ ಕಾಯಿದೆ ಅನ್ವಯಿಸಲ್ಲ, ಒಂದು ಲಕ್ಷದ ಒಳಗಿನ ಸಾಲಕ್ಕೂ ಅನ್ವಯಿಸಲ್ಲ. ಉಳಿದಂತೆ ವಾಸದ ಮನೆಗೆ ಅನ್ವಯಿಸುತ್ತೆ. ಅಂದರೆ ಹೊಲಕ್ಕಿಂತ ಮನೆ ಇವತ್ತು ಬೇಗ ಹೋಗುತ್ತೆ. ಇದನ್ನು ತಿಳಿಯದೆ ಎಷ್ಟೋ ರೈತರು ಬೋರ್‌ವೆಲ್ಲಿಗೆ, ಟ್ರ್ಯಾಕ್ಟರಿಗೆ, ಮಗಳ ಮದುವೆಗೆ ಮನೆ ಪತ್ರ ಇಡ್ತಾ ಇದಾರೆ. ಅರವತ್ತು ದಿನದ ನೋಟೀಸು ಬಂದರೆ ಅದನ್ನು ಮಾಡಿನ ಸಂದಿಗೆ ಸಿಗಿಸಿ ಸುಮ್ಮನೆ ಕೂರಬೇಡಿ. ಆ ಅರವತ್ತು ದಿನದೊಳಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು ಹದಿನೈದು ದಿನದೊಳಗೆ ಕಾರಣ ಸಮೇತ ಉತ್ತರ ಕೊಡಬೇಕು. ಸುಮ್ಮನಿದ್ದವನ ಮನೆಯೇ ಮೊದಲು ಹರಾಜಾಗೋದು.

ಪಹಣಿ ಇಲ್ಲದವನ ಬಡ್ಡಿ

ಈಗ ನಮ್ಮನ್ನೇ ನಾವು ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ಕೈಯಲ್ಲಿ ಪಹಣಿ ಐತೆ. ಪಹಣಿ ಹಿಡಿದು ಹೋದರೆ ಸೊಸೈಟಿಯಲ್ಲಿ ಬೆಳೆಸಾಲ ಸಿಗುತ್ತೆ. 2023-24ರ ಬಜೆಟ್ಟಿನಲ್ಲಿ ಶೂನ್ಯ ಬಡ್ಡಿಯ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಎಲ್ಲರಿಗೂ ಅಷ್ಟು ಸಿಗಲ್ಲ, ಅದು ನನಗೂ ಗೊತ್ತು. ಆದರೂ ಬಾಗಿಲು ಅಂತ ಒಂದು ಐತೆ. ನಮ್ಮ ಹೊಲದಲ್ಲಿ ಕಳೆ ತೆಗೆಯೋ ತಾಯಿಗೆ ಪಹಣಿ ಇಲ್ಲ. ಅವಳಿಗೆ ಕಿರುಸಾಲದ ಕಂಪನಿಯಲ್ಲಿ ನೂರಕ್ಕೆ ಇಪ್ಪತ್ತನಾಲ್ಕರ ಆಸುಪಾಸು. ಅದೂ ಸಿಗದಿದ್ದರೆ ಊರಲ್ಲಿ ಮೂರು ರೂಪಾಯಿ ಬಡ್ಡಿ. ಅದೂ ಸಿಗದಿದ್ದರೆ ಪೇಟೆಯ ಮೀಟರ್ ಬಡ್ಡಿ. ಇದ್ದವನಿಗೆ ಸೊನ್ನೆ, ಇಲ್ಲದವಳಿಗೆ ಇಪ್ಪತ್ತನಾಲ್ಕು, ಏನೂ ಇಲ್ಲದವಳಿಗೆ ಮೂವತ್ತಾರು. ಇದು ಯಾವ ನ್ಯಾಯದ ತಕ್ಕಡಿ?

ಬಡ್ಡಿ ಲೆಕ್ಕವನ್ನು ಒಂದು ಸಲ ಬಿಡಿಸಿ ನೋಡೋಣ, ಯಾಕೆಂದರೆ ಮೋಸ ಇರೋದು ಲೆಕ್ಕದಲ್ಲೇ. ಒಬ್ಬ 50 ಸಾವಿರ ಕೊಡ್ತಾನೆ. "ವರ್ಷಕ್ಕೆ ನೂರಕ್ಕೆ ಹನ್ನೆರಡೇ ಕಣಮ್ಮ" ಅಂತಾನೆ. ಎರಡು ವರ್ಷಕ್ಕೆ ಬಡ್ಡಿ 12 ಸಾವಿರ, ಒಟ್ಟು 62 ಸಾವಿರ, ಇಪ್ಪತ್ತನಾಲ್ಕು ಕಂತು, ಕಂತಿಗೆ 2,583 ರೂಪಾಯಿ. ಇನ್ನೊಬ್ಬ ಅದೇ 50 ಸಾವಿರವನ್ನು ಉಳಿದ ಅಸಲಿನ ಮೇಲೆ ನೂರಕ್ಕೆ ಇಪ್ಪತ್ತನಾಲ್ಕರಂತೆ ಕೊಡ್ತಾನೆ. ಅವನ ಕಂತು ಸುಮಾರು 2,643. ವ್ಯತ್ಯಾಸ ಅರವತ್ತೇ ರೂಪಾಯಿ! ಮೊದಲನೆಯವನ "ಹನ್ನೆರಡು" ಯಾಕೆ ಹೀಗಾಯಿತು? ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಅವನು ಕೊನೆಯ ತಿಂಗಳವರೆಗೆ ಪೂರ್ತಿ 50 ಸಾವಿರಕ್ಕೇ ಬಡ್ಡಿ ಹಿಡಿದ. ಅದಕ್ಕೇ ಹನ್ನೆರಡು ಅಂದದ್ದು ನಿಜದಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡು. ಇನ್ನು ಮೂರು ರೂಪಾಯಿ ಬಡ್ಡಿಯವನಿಗೆ ತಿಂಗಳಿಗೆ 1,500 ಬರೀ ಬಡ್ಡಿ. ಮೂರು ವರ್ಷ ತುಂಬೋ ಮೊದಲೇ ಬಡ್ಡಿಯೇ 50 ಸಾವಿರ ದಾಟುತ್ತೆ, ಅಸಲು ಹಾಗೇ ನಿಂತಿರುತ್ತೆ.

ಸಾಲ ಯಾವ ಬಾಗಿಲಿಂದ ಒಳಗೆ ಬರುತ್ತೆ? ಕಾಯಿಲೆ ಒಂದು, ಮದುವೆ ಒಂದು. ಇವೆರಡೂ ನಮಗೆ ಗೊತ್ತು. ಮೂರನೆಯದು ಮನೆಯೇ. ಆಶ್ಚರ್ಯ ಅನ್ನಿಸಿದರೂ ಇದು ನಿಜ. ಸರ್ಕಾರದ ವಸತಿ ಯೋಜನೆ ಮಂಜೂರಾಗುತ್ತೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ನಮ್ಮಂಥ ಬಯಲುಸೀಮೆಗೆ 2016ರಲ್ಲಿ ಗೊತ್ತುಮಾಡಿದ್ದು 1 ಲಕ್ಷ 20 ಸಾವಿರ. ಹಣ ಕಂತಿನಲ್ಲಿ ಬರುತ್ತೆ: ತಳಪಾಯಕ್ಕೊಂದು, ಗೋಡೆಗೊಂದು, ಛಾವಣಿಗೊಂದು. ಪ್ರತಿ ಹಂತಕ್ಕೂ ಪಂಚಾಯಿತಿಯವರು ಬಂದು ಫೋಟೋ ಹಿಡಿಯಬೇಕು. ಆ ನಂಬಿಕೆ ಮೇಲೆ ಇದ್ದ ಗುಡಿಸಲು ಕಿತ್ತು ತಳಪಾಯ ಹಾಕ್ತಾರೆ. ಮುಂದಿನ ಕಂತು ತಡವಾಗುತ್ತೆ. ಮಳೆಗಾಲ ಎದುರಿಗೆ ನಿಂತಿರುತ್ತೆ, ಮಕ್ಕಳು ಟಾರ್ಪಾಲಿನ ಕೆಳಗೆ. ಆಗ ಕಿರುಸಾಲದವನು ದೇವರಂತೆ ಕಾಣ್ತಾನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಮನೆಯೇನೋ ಆಗುತ್ತೆ. ಗೃಹಪ್ರವೇಶದ ದಿನವೇ ಸಾಲವೂ ಒಳಗೆ ಬಂದು ಮೂಲೆ ಹಿಡಿದು ಕೂರುತ್ತೆ.

ಆಮೇಲೆ ಒಂದು ಸಾಲ ತೀರಿಸೋಕೆ ಇನ್ನೊಂದು, ಅದಕ್ಕೆ ಮತ್ತೊಂದು. ಗಂಡ ಹೆಂಡತಿ ಸೇರಿ ತಿಂಗಳಿಗೆ 15 ಸಾವಿರ ದುಡೀತಾರೆ ಅಂತ ಇಟ್ಟುಕೊಳ್ಳಿ. ಆಗಲೇ ಹೇಳಿದ 2,643ರ ಎರಡು ಕಂತು ಅಂದರೆ 5,286. ಹಿಂಸೆ ಪಟ್ಟು ಕಟ್ಟಬಹುದು. ಮೂರನೆಯದು ಬಂದರೆ 7,929. ದುಡಿಮೆಯ ಅರ್ಧ ದಾಟಿ ಹೋಯಿತು. ಇನ್ನು ಬೇಸಿಗೆಯಲ್ಲಿ ಹೊಲದ ಕೆಲಸ ನಿಂತು ದುಡಿಮೆ 6 ಸಾವಿರಕ್ಕೆ ಇಳಿದಾಗ? ಕಂತು ಇಳಿಯಲ್ಲ. ಆವಾಗ ಬೀಳೋದು ಬೀಗ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅವರಿಗೆ ಬುದ್ಧಿ ಹೇಳೋದು ಸುಲಭ. ವರ್ಷದಲ್ಲಿ ನಾಲ್ಕು ತಿಂಗಳು ಹಾಸಿಗೆಯನ್ನೇ ಎಳೆದುಕೊಂಡರೆ ಕಾಲು ಎಲ್ಲಿ ಚಾಚಬೇಕು?

ಕಾಯಿದೆ ಏನು ಹೇಳುತ್ತೆ

ತಿಳಿದಿರಲಿ, ತಿಳಿಯದವರಿಗೆ ಹೇಳಿ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರೋ ಕುಟುಂಬಕ್ಕೆ ಕೊಡೋ ಕಿರುಸಾಲಕ್ಕೆ ಯಾವ ಅಡವೂ ಕೇಳುವಂತಿಲ್ಲ. ಮನೆಪತ್ರವೂ ಇಲ್ಲ, ಒಡವೆಯೂ ಇಲ್ಲ. ಎಲ್ಲ ಸಾಲದ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ನಾವು ಈಗ ಹಾಕಿದ ಲೆಕ್ಕದಲ್ಲಿ ಆ ಮೂರನೇ ಸಾಲ ಕೊಟ್ಟದ್ದೇ ನಿಯಮ ಮೀರಿದಂತೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಕಾಡುವಂತಿಲ್ಲ. ಬೆದರಿಸುವಂತಿಲ್ಲ, ನೆಂಟರಿಗೆ ನೆರೆಯವರಿಗೆ ಕಿರುಕುಳ ಕೊಡುವಂತಿಲ್ಲ. ಸಾಲದ ವಿವರ ಕನ್ನಡದಲ್ಲಿ, ಅವಳಿಗೆ ತಿಳಿಯೋ ಹಾಗೆ ಬರೆದುಕೊಡಬೇಕು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಮೀರಿದರೆ ಮೊದಲು ಆ ಕಂಪನಿಗೇ ಲಿಖಿತ ದೂರು, ಆಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ. 14448 ಅವರ ಫೋನು.

ರಿಸರ್ವ್ ಬ್ಯಾಂಕಿನ ಲೆಕ್ಕಕ್ಕೇ ಬಾರದ ಸಾಲಗಾರರಿಗೆ ನಮ್ಮ ರಾಜ್ಯ 2025ರಲ್ಲಿ ಬೇರೆ ಕಾಯಿದೆ ಮಾಡಿತು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಮೇಲೆ ಶಾಸನಸಭೆಯಲ್ಲಿ ಪಾಸಾಯಿತು. ನೋಂದಣಿ, ಪರವಾನಗಿ ಇಲ್ಲದವನು ಬಡವರಿಗೆ ಕೊಟ್ಟ ಸಾಲ, ಬಡ್ಡಿ ಎರಡನ್ನೂ ವಸೂಲು ಮಾಡುವಂತಿಲ್ಲ. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಕಾಯಿದೆ ಒಳ್ಳೆಯದೇ. ಆದರೆ ಬರೀ ಕಾಯಿದೆ ನಂಬಿ ಕೂರಬಾರದು ಅನ್ನೋದಕ್ಕೆ ನಮ್ಮ ಪಕ್ಕದಲ್ಲೇ ಪಾಠ ಐತೆ. ಪರಶುರಾಂಪುರದಿಂದ ಆಂಧ್ರದ ಗಡಿ ಎಷ್ಟು ದೂರ? 2010ರಲ್ಲಿ ಆಂಧ್ರದಲ್ಲೂ ಇದೇ ಗೋಳು ಎದ್ದು ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು. ಕಂಪನಿಗಳ ವಸೂಲಿ ನಿಂತಿತು, ಹೊಸ ಸಾಲವೂ ನಿಂತಿತು. ಕಾಯಿಲೆ ನಿಲ್ಲಲಿಲ್ಲ, ಮದುವೆ ನಿಲ್ಲಲಿಲ್ಲ. ಹಳೇ ಬಡ್ಡಿಸಾಹುಕಾರನ ಬಾಗಿಲು ಮತ್ತೆ ತೆರೆಯಿತು. ನಮ್ಮಲ್ಲೂ ದೇವರಾಜ ಅರಸರ ಕಾಲದಲ್ಲಿ 1976ರ ಋಣ ಪರಿಹಾರ ಕಾಯಿದೆ ಬಂತು, ಅಂಥದೇ ಇನ್ನೊಂದು 2019ರ ಜುಲೈನಲ್ಲಿ ಜಾರಿಯಾಯಿತು. ಎರಡೂ ಬಡವರ ಹಳೇ ಖಾಸಗಿ ಸಾಲ ಅಳಿಸೋಕೆ ಹೊರಟವು. ಹಳೇ ಸಾಲ ಅಳಿಸಬಹುದು. ನಾಳೆ ಬೆಳಿಗ್ಗೆ ಮಗುವಿಗೆ ಜ್ವರ ಬಂದರೆ ಎರಡು ಸಾವಿರ ಎಲ್ಲಿಂದ ತರಬೇಕು ಅನ್ನೋದಕ್ಕೆ ಕಾಯಿದೆಯಲ್ಲಿ ಉತ್ತರ ಇಲ್ಲ. ಅದಕ್ಕೆ ಉತ್ತರ ಊರಲ್ಲೇ ಹುಟ್ಟಬೇಕು.

ಪತ್ರ ಇಲ್ಲದ ಮನೆ

ಸಾಲದ ಮಾತಿಗಿಂತ ಮೊದಲು ಇನ್ನೊಂದು ಮಾತು ಐತೆ, ಪತ್ರದ್ದು. ಎಷ್ಟೋ ಹಟ್ಟಿ, ತಾಂಡಾಗಳಲ್ಲಿ ಮೂರು ತಲೆಮಾರು ವಾಸ ಮಾಡಿದ ಮನೆಗೆ ಒಂದು ಚೀಟಿ ಇಲ್ಲ. ನೆಲ ಸರ್ಕಾರದ್ದೋ, ಯಾವನೋ ರೈತನ ಸರ್ವೆ ನಂಬರಿನದೋ ಆಗಿರುತ್ತೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ವೇದಾವತಿ ತುಂಬಿ ಹರಿದಳು. ನಾವೆಲ್ಲ ಬಾಗಿನ ಬಿಟ್ಟು ಸಂತೋಷಪಟ್ಟೆವು. ಅಂಥ ಮಳೆಗೆ ಮಣ್ಣಿನ ಮನೆ ಬಿದ್ದರೆ ಪರಿಹಾರದ ಅರ್ಜಿಯ ಜೊತೆ ಮೊದಲು ಕೇಳೋದೇ ಮನೆ ಯಾರ ಹೆಸರಲ್ಲಿ ಐತೆ ಅಂತ. ಪತ್ರ ಇಲ್ಲದವನಿಗೆ ವಸತಿ ಯೋಜನೆಯೂ ದೂರ, ಬ್ಯಾಂಕೂ ದೂರ. ಹತ್ತಿರ ಇರೋದು ಬಡ್ಡಿಯವನು ಒಬ್ಬನೇ.

ಇದಕ್ಕೂ ದಾರಿ ಐತೆ. ಸರ್ಕಾರಿ ಜಾಗದಲ್ಲಿ ಗೊತ್ತುಪಡಿಸಿದ ದಿನಾಂಕಕ್ಕೆ ಮೊದಲು ಮನೆ ಕಟ್ಟಿ ವಾಸ ಮಾಡ್ತಾ ಇದ್ದವರಿಗೆ ಭೂಕಂದಾಯ ಕಾಯಿದೆಯ 94-ಸಿ ಕಲಂ. ಖಾಸಗಿ ಜಮೀನಿನಲ್ಲಿ ಎದ್ದ ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ನಾಯಕರಹಟ್ಟಿ, ಮಜರೆ ಗ್ರಾಮಗಳಿಗೆ ಭೂಸುಧಾರಣಾ ಕಾಯಿದೆಗೆ ಸೇರಿಸಿದ 38-ಎ ಕಲಂ. ವಾಸಿಸುವವನೇ ಮನೆಯೊಡೆಯ ಅನ್ನೋದು ಅದರ ತಿರುಳು. ಉಳುವವನೇ ಹೊಲದೊಡೆಯ ಅಂದ ನಾಡಿಗೆ ಇದು ತಡವಾಗಿ ಬಂದ ನ್ಯಾಯ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಮೇಲೆ ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. 2025ರ ಮೇ 20ರಂದು ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಮೇಲೆ ಹಂಚಿದರು. ಸರ್ಕಾರ ಯಾವ ಪಕ್ಷದ್ದೇ ಆಗಲಿ, ಕೇಳೋ ಊರು ಇದ್ದರೆ ಕೆಲಸ ಆಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ.

ಆದರೆ ಅರ್ಜಿಗೆ ಅಡ್ಡ ಬರೋರು ಯಾರು? ನಿಷ್ಠುರದ ಮಾತು, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟೋ ಕಡೆ ನಾವೇ. ಹಟ್ಟಿ ಇರೋದು ನನ್ನ ಸರ್ವೆ ನಂಬರಿನಲ್ಲಿ, ಇವತ್ತು ಹಕ್ಕುಪತ್ರ ಕೊಟ್ಟರೆ ನಾಳೆ ಆಳು ನನ್ನ ಮಾತು ಕೇಳ್ತಾನಾ ಅಂತ ತಹಶೀಲ್ದಾರರಿಗೆ ತಕರಾರು ಅರ್ಜಿ ಬರೆಯೋರು ನಮ್ಮ ಪೈಕಿಯೇ ಇದಾರೆ. ಗೋಮಾಳದಲ್ಲಿ ನಾಲ್ಕು ಎಕರೆ ಒತ್ತಿಕೊಂಡವನೇ ಅಲ್ಲಿ ಗುಡಿಸಲು ಹಾಕಿದವನ ಮೇಲೆ ದೂರು ಕೊಡ್ತಾನೆ. ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ 2009ರಿಂದೀಚೆಗೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಸಾವಿರಾರು ಎಕರೆ ಅಳೆದು ಕೊಟ್ಟರು. ಕುರಿಗೆ ಹುಲ್ಲಿನ ಜಾಗ ಹೋಯಿತು, ನಾವೆಲ್ಲ ಕೂಗಿದೆವು, ಕೂಗಿದ್ದು ಸರಿ. ಸಾವಿರಾರು ಎಕರೆ ಅಳೆದ ಅದೇ ಸರ್ಕಾರ ಮೂವತ್ತು ನಲವತ್ತರ ನಿವೇಶನಕ್ಕೆ ಜಾಗ ಇಲ್ಲ ಅಂದಾಗ ನಾವು ಅದೇ ದನಿಯಲ್ಲಿ ಕೂಗಬೇಕಲ್ಲವೇ?

ಪತ್ರ ಬಂದ ಮೇಲೂ ಎಚ್ಚರ ಬೇಕು. ಮನೆ ಹೆಣ್ಣುಮಗಳ ಹೆಸರಿನಲ್ಲಿ ಇರಲಿ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇರಲಿ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು ಎಂಬತ್ತರ ದಶಕದಲ್ಲಿ ಬಡವರಿಗೆ ಮನೆಸಾಲ ಶುರು ಮಾಡಿದಾಗ ನಿವೇಶನ ಹೆಂಗಸಿನ ಹೆಸರಿಗೆ ಆಗಲೇಬೇಕು ಅಂತ ಷರತ್ತು ಹಾಕಿತ್ತು. ಕುಡಿದು ಬಂದ ರಾತ್ರಿ ಗಂಡ ಒಬ್ಬನೇ ಹೆಬ್ಬೆಟ್ಟು ಒತ್ತಿ ಸೂರು ಕಳೆಯಲಾರ, ಅದು ಅದರ ಗುಟ್ಟು. ಪಂಚಾಯಿತಿಯಲ್ಲಿ ಇ-ಸ್ವತ್ತು ಮಾಡಿಸಿ 9, 11ನೇ ನಮೂನೆ ತೆಗೆದಿಡಿ. ಎಲ್ಲಕ್ಕಿಂತ ದೊಡ್ಡ ಎಚ್ಚರ ಇದು: ಸಾಲಕ್ಕೆ ಭದ್ರತೆ ಅಂತ ಕ್ರಯಪತ್ರ ಬರೆದುಕೊಡಬೇಡಿ. "ಸುಮ್ಮನೆ ಹೆಸರಿಗೆ ಕ್ರಯ, ಹಣ ಕೊಟ್ಟ ದಿನ ವಾಪಸು ಬರೆದುಕೊಡ್ತೀನಿ" ಅಂತಾರೆ. ಬಾಯಿಮಾತು ಕೋರ್ಟಿನಲ್ಲಿ ನಿಲ್ಲೋದು ಕಷ್ಟ, ರಿಜಿಸ್ಟರ್ ಆದ ಕ್ರಯಪತ್ರ ನಿಲ್ಲುತ್ತೆ. ಖಾಲಿ ಸ್ಟಾಂಪ್ ಪೇಪರಿಗೆ, ಖಾಲಿ ಚೆಕ್ಕಿಗೆ ಸಹಿ ಹಾಕೋದೂ ಅಷ್ಟೇ. ಅದು ಬೀಗದ ಕೈ ಕೊಟ್ಟಂತೆ.

ನಮ್ಮ ಕೈಯಲ್ಲಿರೋ ಕೆಲಸ

ಮೊದಲನೆಯದು ಬಡ್ಡಿ. ಹಗಲು ಹಸಿರು ಟವೆಲ್ ಹೊದ್ದು ಬ್ಯಾಂಕಿನ ಮುಂದೆ ಧಿಕ್ಕಾರ ಕೂಗಿ, ರಾತ್ರಿ ಜಗಲಿ ಮೇಲೆ ಕೂತು ಮೂರು ರೂಪಾಯಿ ಬಡ್ಡಿಗೆ ನೋಟು ಎಣಿಸೋರು ನಮ್ಮಲ್ಲಿ ಇಲ್ಲ ಅಂತ ಎದೆ ಮುಟ್ಟಿ ಹೇಳ್ತೀರಾ? ರಾಜ್ಯದಲ್ಲಿ ಪರವಾನಗಿ ಇದ್ದ ಲೇವಾದೇವಿಯವನಿಗೇ ಅಡವಿನ ಸಾಲಕ್ಕೆ ನೂರಕ್ಕೆ 14, ಅಡವಿಲ್ಲದ್ದಕ್ಕೆ 16 ಅಂತ ಮಿತಿ ಹಾಕಿದಾರೆ. ಪರವಾನಗಿಯೇ ಇಲ್ಲದ ನಾವು 36 ತಗೊಳ್ಳೋದು ಯಾವ ಕಾಯಿದೆ?

ಎರಡನೆಯದು ಕೂಲಿ. ನಮ್ಮ ನೆಲದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಹೇಳಿದ್ದು "ಮಾಡಿದಷ್ಟು ನೀಡು ಭಿಕ್ಷೆ" ಅಂತ. ಜಾತ್ರೆಗೆ ಹೋಗಿ ತೇರಿಗೆ ಬಾಳೆಹಣ್ಣು ಎಸೆದು ಬರ್ತೀವಿ. ಮಾಡಿದವರಿಗೆ ಮಾಡಿದಷ್ಟು ಕೂಲಿಯನ್ನು ಅದೇ ದಿನ ಕೈಗೆ ಇಡ್ತೀವಾ? "ಶೇಂಗಾ ಮಾರಿದ ಮೇಲೆ ನೋಡೋಣ" ಅಂದ ಕೂಲಿಯೇ ಅವರ ಮನೆಯಲ್ಲಿ ಕಿರುಸಾಲ ಆಗೋದು. ನಾವು ಮೂರು ತಿಂಗಳು ಹಿಡಿದಿಟ್ಟ ದುಡ್ಡಿಗೆ ಬಡ್ಡಿ ಕಟ್ಟೋರು ಅವರು. ಮುಂಗಡ ಕೊಟ್ಟು ವರ್ಷಗಟ್ಟಲೆ ಆಳನ್ನು ಕಟ್ಟಿಹಾಕೋದು 1976ರ ಜೀತ ಪದ್ಧತಿ ರದ್ದು ಕಾಯಿದೆ ಪ್ರಕಾರ ಅಪರಾಧ ಅನ್ನೋದೂ ನೆನಪಿರಲಿ.

ಮೂರನೆಯದು ಸೊಸೈಟಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸೋಕೆ. ಇವತ್ತು ಸೊಸೈಟಿಯ ನಿರ್ದೇಶಕರು ನಾವೇ, ಸಾಲ ತಗೊಳ್ಳೋರೂ ನಾವೇ. ಹೆಂಗಸರ ಸ್ವಸಹಾಯ ಸಂಘಕ್ಕೆ ಸಾಲ ಕೊಡೋ ಅವಕಾಶ ಸೊಸೈಟಿಗೆ ಐತೆ. ಮಹಾಸಭೆಯಲ್ಲಿ ಟೀ ಬಿಸ್ಕತ್ತು ತಿಂದು ಬರೋ ಬದಲು ಎದ್ದು ನಿಂತು ಕೇಳಿ: ಈ ವರ್ಷ ಭೂಮಿ ಇಲ್ಲದವರ ಎಷ್ಟು ಸಂಘಕ್ಕೆ ಸಾಲ ಕೊಟ್ಟಿರಿ? ಸಂಘದ ತಾಯಂದಿರಿಗೂ ಒಂದು ಮಾತು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2 ಸಾವಿರ ಬಂದ ತಿಂಗಳು ನೂರೋ ಇನ್ನೂರೋ ಸಂಘದ ಉಳಿತಾಯಕ್ಕೆ ಹಾಕಿ. ಇಪ್ಪತ್ತು ಮಂದಿ ಇನ್ನೂರರಂತೆ ಹಾಕಿದರೆ ತಿಂಗಳಿಗೆ 4 ಸಾವಿರ, ವರ್ಷಕ್ಕೆ 48 ಸಾವಿರ. ಮಗುವಿನ ಜ್ವರಕ್ಕೆ ಕಂಪನಿಯವನ ಫೋನು ಹುಡುಕಬೇಕಾಗಿಲ್ಲ.

ನಾಲ್ಕನೆಯದು ಒಂದು ಪುಸ್ತಕ. ನಿಮ್ಮೂರಿನ ಓದಿದ ಹುಡುಗ ಒಬ್ಬನಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಡಿ. ಊರ ಪ್ರತಿ ಮನೆಗೆ ಒಂದು ಸಾಲು. ಮನೆ ಯಾರ ಹೆಸರಲ್ಲಿ ಐತೆ, ಹಕ್ಕುಪತ್ರ ಬಂದಿದೆಯಾ, ಯಾರ ಸಾಲ ಎಷ್ಟು, ತಿಂಗಳ ಕಂತು ಎಷ್ಟು, ವಸತಿ ಯೋಜನೆಯ ಯಾವ ಕಂತು ನಿಂತಿದೆ. ಸಾಲದ ಮಾತು ಮರ್ಯಾದೆಯ ಮಾತು, ಆ ಪುಟ ಬೀದಿಗೆ ಬರಬಾರದು, ನಂಬಿಕೆಯ ಇಬ್ಬರ ಕೈಯಲ್ಲೇ ಇರಲಿ. ನಿಂತ ಕಂತಿಗೆ ಹತ್ತು ಜನ ಒಟ್ಟಾಗಿ ಪಂಚಾಯಿತಿಗೆ ಹೋಗಿ. 94-ಸಿ ಅರ್ಜಿಗೆ ಹಳೇ ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಓಟಿನ ಪಟ್ಟಿ ಹುಡುಕಿ ಜೋಡಿಸಿ. ಮಹಜರಿಗೆ ಬಂದಾಗ "ಹೌದು, ಇವರು ಇಲ್ಲೇ ಇದಾರೆ" ಅಂತ ಸಾಕ್ಷಿ ಸಹಿ ಹಾಕೋನು ಆ ಜಮೀನಿನ ಪಕ್ಕದ ರೈತನೇ ಆಗಲಿ. ನೋಟೀಸು ಬಂದವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಬಡವರಿಗೆ ಅಲ್ಲಿ ವಕೀಲರು ಪುಕ್ಕಟೆ. 15100ಕ್ಕೆ ಫೋನು ಮಾಡಿದರೂ ಸಾಕು.

ಇನ್ನು ಬೆಲೆ ಮಾತು

ಕೊನೆಗೆ ಇಟ್ಟುಕೊಂಡ ಮಾತಿಗೆ ಬರ್ತೀನಿ. "ನಮಗೇ ಬೆಲೆ ಇಲ್ಲ, ಕೂಲಿ ಎಲ್ಲಿಂದ ಹೆಚ್ಚಿಗೆ ಕೊಡೋಣ?" ಅಂತ ನಿಮ್ಮ ಮನಸ್ಸಿನಲ್ಲಿ ಓಡ್ತಾ ಇರಬೇಕು. ನ್ಯಾಯವಾದ ಪ್ರಶ್ನೆ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಶೇಂಗಾಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಹಿಂದಿನ ವರ್ಷ 6,783 ಇತ್ತು. ಕಾಗದದ ಮೇಲಿನ ಈ ಬೆಲೆ ಕೈಗೆ ಬರಬೇಕಾದರೆ ಸುಗ್ಗಿಯ ಹೊತ್ತಿಗೆ ಖರೀದಿ ಕೇಂದ್ರ ತೆರೆದಿರಬೇಕು. ಕೇಂದ್ರ ತಡವಾದಷ್ಟು ದಿನ ದಲ್ಲಾಳಿ ಹೇಳಿದ್ದೇ ಬೆಲೆ. ಎಣ್ಣೆ ಮಿಲ್ಲುಗಳಿಂದ ಹೆಸರಾದ ಚಳ್ಳಕೆರೆಯ ರೈತನಿಗೆ ತನ್ನ ಶೇಂಗಾದ ಬೆಲೆ ತಾನು ಹೇಳೋ ಹಕ್ಕಿಲ್ಲ.

ಅದಕ್ಕೇ ಈ ಎರಡು ಹೋರಾಟ ಬೇರೆ ಬೇರೆ ಅಲ್ಲ ಅಂತೀನಿ. ಹೊಲದ ಬೆಳೆಗೆ ಬೆಲೆ ಬಂದರೆ ಕೂಲಿ ಅದೇ ದಿನ ಕೊಡೋ ಶಕ್ತಿ ಬರುತ್ತೆ. ಕೂಲಿ ಅದೇ ದಿನ ಬಂದರೆ ಕಾಲೋನಿಯ ಮನೆಗೆ ಕಂಪನಿಯ ಕಂತು ಬೇಕಾಗಲ್ಲ. ಆ ಮನೆಯ ಬಾಗಿಲು ತೆರೆದಿದ್ದರೆ ಮುಂದಿನ ಮುಂಗಾರಿಗೆ ಬಿತ್ತೋಕೆ, ಕಳೆ ತೆಗೆಯೋಕೆ ಕೈ ಸಿಗುತ್ತೆ. ಆಳು ಸಿಗಲ್ಲ, ಆಳು ಸಿಗಲ್ಲ ಅಂತ ಗೊಣಗೋ ನಾವು, ಆಳಿನ ಮನೆ ಬೀಳ್ತಾ ಇದ್ದಾಗ ಎಲ್ಲಿದ್ದೆವು? ಬೆಲೆಗಾಗಿ ಚಳ್ಳಕೆರೆಗೆ ಮೆರವಣಿಗೆ ಹೋದರೆ ಮುಂದೆ ನಡೆಯೋಕೆ ನಮಗೆ ಜನ ಬೇಕು. ಬೀಗ ಹಾಕಿಕೊಂಡು ಹೋದ ಮನೆಯಿಂದ ಜನ ಬರಲ್ಲ.

ಬೆಲೆ ಸರ್ಕಾರದ ಕೈಯಲ್ಲಿ ಐತೆ, ಮಳೆ ದೇವರ ಕೈಯಲ್ಲಿ ಐತೆ. ಹಕ್ಕುಪತ್ರದ ಅರ್ಜಿಗೆ ಸಾಕ್ಷಿ ಸಹಿ ಹಾಕೋದು, ಅಂದಿನ ಕೂಲಿ ಅಂದೇ ಕೊಡೋದು, ಮೂರು ರೂಪಾಯಿ ಬಡ್ಡಿ ಬಿಡೋದು, ಸೊಸೈಟಿಯಲ್ಲಿ ಎದ್ದು ನಿಂತು ಕೇಳೋದು, ಈ ನಾಲ್ಕು ನಮ್ಮ ಕೈಯಲ್ಲೇ ಅದಾವೆ. ಆ ನೋಟ್‌ಬುಕ್ಕನ್ನು ಈ ವಾರದ ಸಂತೆಯಲ್ಲೇ ಕೊಳ್ಳಿ. ಮುಂದಿನ ಸಭೆಗೆ ಬರುವಾಗ ಕೈಯಲ್ಲಿ ಹಿಡಿದು ಬನ್ನಿ. ನಿಮ್ಮೂರಿನ ಎಷ್ಟು ಮನೆಗೆ ಪತ್ರ ಆಯಿತು, ಎಷ್ಟು ಬೀಗ ತೆಗೆಯಿತು, ಅದನ್ನು ಓದಿ ಹೇಳಿ. ಭಾಷಣ ಅಲ್ಲಿಂದ ಮುಂದೆ ನೀವು ಮಾಡಿ, ನಾನು ಕೂತು ಕೇಳ್ತೀನಿ.